ಭೂತಾನ್ ಪ್ಯಾಕೇಜ್ ಟೂರ್: ಊರಿಗೆ ಪೂರ್ತಿ ಅಂಕ, ಏಜೆನ್ಸಿ ಹೇಳುವ ಕತೆಗೆ ಅರ್ಧ

ಬೆಂಗಳೂರಿನ ಒಂದು ಟ್ರಾವೆಲ್ ಏಜೆನ್ಸಿಯ ಭೂತಾನ್ ಪ್ಯಾಕೇಜ್ ತಗೊಂಡು ಹೋಗಿ ಬಂದೆವು. ಹೆಸರು ಹೇಳಲ್ಲ, ಯಾಕೆಂದರೆ ಎಲ್ಲರೂ ಮಾರುವುದು ಹೆಚ್ಚುಕಮ್ಮಿ ಇದೇ ಸರಕು. ಬಾಗ್ಡೋಗ್ರಾವರೆಗೆ ವಿಮಾನ, ಅಲ್ಲಿಂದ ಜೈಗಾಂವ್ ಗಡಿ, ಫುಂಟ್‌ಶೋಲಿಂಗ್, ಥಿಂಪು, ಪುನಾಖಾ, ಪಾರೋ, ವಾಪಸ್. ಕರಪತ್ರದಲ್ಲಿ ಭೂತಾನಿನ ಜನರ ಬಗ್ಗೆ ದಪ್ಪ ಅಕ್ಷರದಲ್ಲಿ 'ಹಣ ಕಮ್ಮಿ, ನಗು ಜಾಸ್ತಿ' ಅಂತ ಇತ್ತು. ಪ್ರವಾಸ ಚೆನ್ನಾಗಿತ್ತು. ಆ ಸಾಲು ಮಾತ್ರ ಬರೀ ಬುರುಡೆ.

ಮೊದಲು ಖರ್ಚಿನ ವಿಷಯ. ಭಾರತೀಯರಿಗೆ ರಾತ್ರಿಗೆ, ತಲೆಗೆ 1,200 ರೂಪಾಯಿ ಸರ್ಕಾರಿ ಶುಲ್ಕ ಇದೆ. ಬೇರೆ ದೇಶದವರಿಗೆ 100 ಡಾಲರ್. 6 ವರ್ಷದೊಳಗಿನ ಮಕ್ಕಳಿಗೆ ಇಲ್ಲ, 12ರವರೆಗೆ ಅರ್ಧ. ನಮ್ಮ ಏಜೆನ್ಸಿ ಇದನ್ನು ಪ್ಯಾಕೇಜ್ ದರದಲ್ಲಿ ಸೇರಿಸದೆ ಕೊನೇ ಪುಟದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಹಾಕಿತ್ತು, ಬುಕ್ ಮಾಡುವ ಮೊದಲೇ ಕೇಳಿಬಿಡಿ. ಶುಲ್ಕದ ಬಗ್ಗೆ ನನಗೆ ತಕರಾರಿಲ್ಲ. ಅಲ್ಲಿ ಆಸ್ಪತ್ರೆ ಉಚಿತ, ಶಾಲೆ ಉಚಿತ, ದೇಶದ ಶೇಕಡಾ 60ರಷ್ಟು ಭಾಗ ಕಾಡಾಗಿಯೇ ಇರಬೇಕು ಅಂತ ಸಂವಿಧಾನದಲ್ಲೇ ಬರೆದಿದ್ದಾರೆ. ಅದಕ್ಕೆಲ್ಲ ದುಡ್ಡು ಬೇಕಲ್ವಾ?

ಹೋಟೆಲ್‌ಗಳು ಸ್ವಚ್ಛ, ಬಿಸಿನೀರು ಯಾವಾಗಲೂ ಬರುತ್ತಿತ್ತು. ಊಟಕ್ಕೆ ಕೆಂಪಕ್ಕಿ ಅನ್ನ, ಎಮಾ ದತ್ಶಿ. ಅಂದರೆ ಚೀಸ್‌ನಲ್ಲಿ ಬೇಯಿಸಿದ ಮೆಣಸಿನಕಾಯಿ. ಅಲ್ಲಿ ಮೆಣಸಿನಕಾಯಿ ಒಗ್ಗರಣೆಗಲ್ಲ, ಅದೇ ತರಕಾರಿ. ಖಾರ ಅಂದರೆ ನಾವೇ ಅಂತ ಎದೆ ತಟ್ಟಿಕೊಳ್ಳುತ್ತಿದ್ದ ನಮ್ಮ ಗುಂಪಿನ ಹುಬ್ಬಳ್ಳಿಯವರು ಮೂರನೇ ತುತ್ತಿಗೆ ಮೊಸರು ಕೇಳಿದರು.

ಇಡೀ ಪ್ಯಾಕೇಜಿನಲ್ಲಿ ನಿಜಕ್ಕೂ ದುಡ್ಡಿಗೆ ಬೆಲೆ ಬಂದಿದ್ದು ಡ್ರೈವರ್‌ನಿಂದ. ಮಾತುಗಾರ. ಗಾಡಿ ಓಡಿಸುವಾಗ ಬಾಯಲ್ಲಿ ಸದಾ ದೋಮಾ. ವೀಳ್ಯದೆಲೆಗೆ ಸುಣ್ಣ ಧಾರಾಳವಾಗಿ ಸವರಿ, ಇನ್ನೂ ಹಸಿಯಾಗಿರುವ ಅಡಿಕೆಯ ದೊಡ್ಡ ಹೋಳನ್ನು ಒಳಗಿಟ್ಟು ಮಡಚಿ ದವಡೆಗೆ ಒತ್ತುತ್ತಿದ್ದ. ನಮ್ಮ ಕಡೆಯ ಕೊಳೆಯಡಿಕೆ ವಾಸನೆ ಕಾರಿನ ತುಂಬಾ. ಮಲೆನಾಡಿನವರಿಗೆ ಭೂತಾನ್ ಅಡಿಕೆ ಅಂದರೆ ಥಟ್ಟನೆ ನೆನಪಾಗುವುದು ಬೇರೆ. 2022ರಲ್ಲಿ ಕೇಂದ್ರ ಸರ್ಕಾರ ಕನಿಷ್ಠ ಆಮದು ಬೆಲೆಯ (ಇದಕ್ಕಿಂತ ಅಗ್ಗಕ್ಕೆ ತರಿಸಬಾರದು ಅನ್ನುವ ಮಿತಿ) ಷರತ್ತಿಲ್ಲದೆ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಅಲ್ಲಿಂದ ತರಿಸಲು ಒಪ್ಪಿದಾಗ ನಮ್ಮ ಬೆಳೆಗಾರರು ಎಷ್ಟು ಕೂಗಾಡಿದರು! ಸಾಗರದ ನಮ್ಮ ಮಾವನ ಎದುರು ಭೂತಾನ್ ಅಂತ ಉಸಿರೆತ್ತಿದರೆ ಇವತ್ತಿಗೂ ಉರಿದು ಬೀಳುತ್ತಾರೆ. ಡ್ರೈವರ್‌ಗೆ ಇದನ್ನು ಹೇಳಿದೆ. ಅವನು ನಕ್ಕು, ನಮ್ಮ ಹಳ್ಳಿಯವರಿಗೂ ಒಳ್ಳೆ ರೇಟ್ ಬೇಡವಾ ಸಾರ್ ಅಂದ.

ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು. ಅವನ ತಂಗಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದಾಳೆ, ಭಾವನೂ ಹೋದ, ಈಗ ಇವನೂ ಅರ್ಜಿ ಹಾಕುವ ಯೋಚನೆಯಲ್ಲಿದ್ದಾನೆ. ಇವನೊಬ್ಬನ ಕತೆಯಲ್ಲ. ಥಿಂಪುವಿನ ಪೇಟೆ ಬೀದಿಯಲ್ಲಿ ತಲೆ ಎತ್ತಿ ನೋಡಿ, ವಿದೇಶಕ್ಕೆ ಕಳಿಸುವ ಕನ್ಸಲ್ಟೆನ್ಸಿಗಳ ಬೋರ್ಡ್ ಕಣ್ಣಿಗೆ ಬೀಳುತ್ತದೆ. ಟೀಚರು, ನರ್ಸು, ಸರ್ಕಾರಿ ನೌಕರರು ಕೆಲಸ ಬಿಟ್ಟು ಹೊರಡುತ್ತಿದ್ದಾರೆ. ಸುಖವಾಗಿದ್ದರೆ ಯಾಕೆ ಹೋಗುತ್ತಾರೆ ಅಂತ ನಮ್ಮ ಗುಂಪಿನ ಒಬ್ಬರು ಕೇಳಿದರು. ಸುಖವಾಗಿಯೇ ಇದ್ದೇವೆ, ಸಂಬಳ ಸಾಲಲ್ಲ ಅಂದ ಅವನು. ಎರಡೂ ಮಾತು ಒಟ್ಟಿಗೆ ನಿಜ ಇರಬಹುದು ಅನ್ನೋದು ಕರಪತ್ರ ಬರೆದವರಿಗೆ ಹೊಳೆದಿಲ್ಲ.

ಒಟ್ಟು ರಾಷ್ಟ್ರೀಯ ಸಂತೋಷದ ಮಾತು, ಅಂದರೆ ದೇಶದ ಏಳಿಗೆಯನ್ನು ಜನರ ಸಂತೋಷದಿಂದಲೂ ಅಳೆಯಬೇಕು ಅನ್ನೋದು, 1970ರ ದಶಕದಲ್ಲಿ ನಾಲ್ಕನೇ ರಾಜ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಶುರುಮಾಡಿದ್ದು. ಆತ ದುಡ್ಡು ಬೇಡ ಅಂದಿರಲಿಲ್ಲ, ಬರೀ ದುಡ್ಡನ್ನು ಮಾತ್ರ ಎಣಿಸಬೇಡಿ ಅನ್ನೋದು ಅದರ ತಿರುಳು. ಅವರ ಸಮೀಕ್ಷೆಯಲ್ಲಿ 9 ವಿಭಾಗ, 33 ಸೂಚಕ. ಎಷ್ಟು ಹೊತ್ತು ನಿದ್ದೆ ಮಾಡುತ್ತೀರಿ ಅನ್ನೋದೂ ಲೆಕ್ಕಕ್ಕಿದೆ, ಮನೆಯ ಆದಾಯವೂ ಇದೆ. ನಮ್ಮ ಗೈಡ್ ಮಾತ್ರ ಸಂತೋಷದಲ್ಲಿ ಭೂತಾನ್ ಪ್ರಪಂಚದಲ್ಲೇ ನಂಬರ್ ಒನ್ ಅಂತ ಎರಡೆರಡು ಸಲ ಹೇಳಿದರು. ವಿಶ್ವ ಸಂತೋಷ ವರದಿಯಲ್ಲಿ 2019ರಲ್ಲಿ ಭೂತಾನ್ 95ನೇ ಸ್ಥಾನದಲ್ಲಿತ್ತು. ಭಾರತ 140, ಆ ಮಾತು ಬಿಡಿ. ಮೊದಲ ಸ್ಥಾನ ಫಿನ್‌ಲ್ಯಾಂಡ್‌ಗೆ, ಅದೇನು ಬಡ ದೇಶವಾ?

ಭೂತಾನ್ ಸರ್ಕಾರದ ದುಡ್ಡಿನ ದೊಡ್ಡ ಭಾಗ ಬರುವುದು ಹೊಳೆಯಿಂದ. ಥಿಂಪುವಿಗೆ ಹೋಗುವ ದಾರಿಯಲ್ಲೇ ಚುಖಾ ಸಿಗುತ್ತದೆ. 336 ಮೆಗಾವಾಟ್‌ನ ಜಲವಿದ್ಯುತ್ ಘಟಕ, ಕಟ್ಟಿದ್ದು ಭಾರತದ ದುಡ್ಡಿನಲ್ಲಿ, ಕರೆಂಟ್ ಮಾರುವುದೂ ಭಾರತಕ್ಕೇ. ಬಂದ ದುಡ್ಡನ್ನು ಮೊದಲು ಆಸ್ಪತ್ರೆ, ಶಾಲೆ, ರಸ್ತೆಗೆ ಹಾಕಿದರು. 2023ರ ಡಿಸೆಂಬರ್‌ನಲ್ಲಿ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದಲೂ ಹೊರಬಂದರು. ನಮ್ಮ ಗಾಡಿ ಚುಖಾ ದಾಟುವಾಗ ಗೈಡ್ ಎಡಗಡೆ ಜಲಪಾತ ತೋರಿಸುತ್ತಿದ್ದರು.

1990ರ ದಶಕದಲ್ಲಿ ನೇಪಾಳಿ ಮಾತಾಡುವ ಸುಮಾರು ಒಂದು ಲಕ್ಷ ಜನ ದೇಶ ಬಿಡಬೇಕಾಯಿತಲ್ಲ ಅಂತಲೂ ಗೈಡ್ ಹತ್ತಿರ ಕೇಳಿದೆ. ನೇಪಾಳದ ಶಿಬಿರಗಳಲ್ಲಿ ವರ್ಷಗಟ್ಟಲೆ ಇದ್ದು, ಆಮೇಲೆ ಹೆಚ್ಚಿನವರು ಅಮೆರಿಕಕ್ಕೆ ಹೋದರು. ಗೈಡ್ ಊಟದ ಟೈಮ್ ಆಯ್ತು ಅಂದರು.

ಏಜೆನ್ಸಿ ಮೇಲೆ ನನಗಿರುವ ದೊಡ್ಡ ಸಿಟ್ಟು ಅಂಗಡಿಗಳದ್ದು. ಥಿಂಪುವಿನ ರೈತರ ಮಾರುಕಟ್ಟೆ ವಾರದ ಕೊನೆಗೆ ತುಂಬಿ ತುಳುಕುತ್ತದೆ, ಅದನ್ನು ಬಿಟ್ಟು ನಮ್ಮನ್ನು ಕಮಿಷನ್ ಅಂಗಡಿಯೊಂದರಲ್ಲಿ ಅರ್ಧ ದಿನ ಕೂರಿಸಿದರು. ವಸ್ತುವಿನಲ್ಲಿ ಸುಖವಿಲ್ಲ ಅಂತ ಬೆಳಿಗ್ಗೆ ಭಾಷಣ, ಮಧ್ಯಾಹ್ನ ಪ್ರಾರ್ಥನಾ ಚಕ್ರ, ಮುಖವಾಡ, ಮ್ಯಾಗ್ನೆಟ್ ವ್ಯಾಪಾರ. ನಮ್ಮವರೇನು ಸುಮ್ನೆ ಇದ್ದರಾ? ಬಾಗ್ಡೋಗ್ರಾದಲ್ಲಿ ಲಗೇಜ್ ತೂಕ ಜಾಸ್ತಿಯಾಗಿ ದಂಡ ಕಟ್ಟಿದವರು ನಮ್ಮ ಗುಂಪಿನಲ್ಲೇ ಇದ್ದರು.

ಐದಕ್ಕೆ ಮೂರು ಕೊಡುತ್ತೇನೆ. ಹೋಗುವವರು ಅಂಗಡಿ ಭೇಟಿ ಬೇಡ, ಪುನಾಖಾದಲ್ಲಿ ಇನ್ನೊಂದು ರಾತ್ರಿ ಕೊಡಿ ಅಂತ ಮೊದಲೇ ಹೇಳಿಬಿಡಿ. ವೋಟರ್ ಐಡಿ ಅಥವಾ ಪಾಸ್‌ಪೋರ್ಟ್ ಬೇಕು, ಬರೀ ಆಧಾರ್ ಹಿಡಿದು ಹೋದರೆ ಒಳಗೆ ಬಿಡಲ್ಲ. ಅಕ್ಟೋಬರ್, ನವೆಂಬರ್ ಒಳ್ಳೆ ಸಮಯ. ಪಾರೋದಲ್ಲಿ ಬೆಟ್ಟದ ಬಂಡೆಗೆ ಅಂಟಿಕೊಂಡಿರುವ ತಕ್ಸಾಂಗ್ ಮಠಕ್ಕೆ ಟಿಕೆಟ್ ಬೇರೆ. ಮಂಡಿ ನೋವಿದ್ದರೆ ಅರ್ಧ ದಾರಿಯ ಕೆಫೆಟೀರಿಯಾವರೆಗೆ ಕುದುರೆ ಸಿಗುತ್ತದೆ, ಆದರೆ ಇಳಿಯುವಾಗ ಕುದುರೆ ಇಲ್ಲ, ನಡೆದೇ ಬರಬೇಕು.