ಗುಡ್ಡದಾಚೆಯ ಟವರ್ರೋ, ಟ್ಯಾಂಕ್ ಮೇಲಿನ ಡಬ್ಬಿಯೋ?

ನಮ್ಮೂರು ತುಮಕೂರಿನ ದೇವರಾಯನದುರ್ಗದ ಬುಡದಲ್ಲಿದೆ. ಮೊಬೈಲ್ ಟವರ್ ಇರುವುದು ಗುಡ್ಡದ ಆಚೆ ಮಗ್ಗುಲಿಗೆ. ಮಗಳ ಆನ್‌ಲೈನ್ ಪಾಠಕ್ಕೆಂದು ಒಂದು ವರ್ಷದಲ್ಲಿ ಎರಡು ದಾರಿ ಹಿಡಿದು ನೋಡಿದೆ.

ಮೊದಲು ಸಿಮ್ ಹಾಕುವ 4ಜಿ ರೂಟರ್. ಅರ್ಧ ದಿನದಲ್ಲಿ ಮಾಳಿಗೆ ಮೇಲೆ ಆಂಟೆನಾ ಕಟ್ಟಿ ಮುಗಿಯಿತು. ಬೆಳಗಿನ ಜಾವ 15 ಎಂಬಿಪಿಎಸ್ ವೇಗ ಬರುತ್ತಿತ್ತು, ಸಂಜೆ ಏಳಾದರೆ 2ಕ್ಕೆ ಇಳಿಯುತ್ತಿತ್ತು. ಫೋನಿನ ಸಿಗ್ನಲ್ ಕಡ್ಡಿ ಮಾತ್ರ ನಾಲ್ಕೂ ಇರುತ್ತಿದ್ದವು! ಕಡ್ಡಿ ಅಲೆಯ ಬಲ ಹೇಳುತ್ತದೆಯೇ ಹೊರತು ಆ ಹೊತ್ತಿಗೆ ಎಷ್ಟು ಜನ ಹಂಚಿಕೊಳ್ಳುತ್ತಿದ್ದಾರೆ ಎಂದಲ್ಲ. ನಾಲ್ಕಾರು ಹಳ್ಳಿಗೆ ಅದೊಂದೇ ಟವರ್.

ಎರಡನೆಯದಕ್ಕೆ ಬೆವರು ಹರಿಸಬೇಕಾಯಿತು. 2 ಕಿ.ಮೀ. ದೂರದ ಭಾವನವರ ಮನೆಗೆ ಫೈಬರ್ ಬಂದಿದೆ. ಆ ಇಂಟರ್ನೆಟ್ಟನ್ನು ಅಲೆಯಾಗಿ ಕಳಿಸಲು ಅಲ್ಲೊಂದು ರೇಡಿಯೊ ಡಿಶ್, ಪಂಚಾಯಿತಿ ಒಪ್ಪಿಗೆ ಪಡೆದು ನಮ್ಮ ಬೀದಿಯ ನೀರಿನ ಟ್ಯಾಂಕ್ ಮೇಲೊಂದು ಡಿಶ್, ಅದರ ಪಕ್ಕ ವೈಫೈ ಡಬ್ಬಿ. ಈ ಡಿಶ್‌ಗಳು ಬಳಸುವ 5 ಗಿಗಾಹರ್ಟ್ಸ್ ಅಲೆಪಟ್ಟಿಯನ್ನು 2018ರಲ್ಲಿ ಲೈಸೆನ್ಸಿನಿಂದ ಮುಕ್ತಗೊಳಿಸಿದ್ದು ಇಲ್ಲಿ ಒದಗಿತು. ನೆರೆಯವರಿಗೂ ಕೊಡಬೇಕಲ್ಲ, ಅದಕ್ಕೆ 2020ರ ಪಿಎಂ-ವಾಣಿ ಎಂಬ ಸಾರ್ವಜನಿಕ ವೈಫೈ ಯೋಜನೆಯಡಿ ಪಿಡಿಒ ಆದೆವು (ಪಂಚಾಯಿತಿ ಪಿಡಿಒ ಅಲ್ಲ, ಸಾರ್ವಜನಿಕ ಡೇಟಾ ಕಚೇರಿ).

ಬೇಸಿಗೆಯಲ್ಲಿ 40 ಎಂಬಿಪಿಎಸ್ ಬಂತು. ಮಳೆ ಹಿಡಿದದ್ದೇ 8ಕ್ಕೆ ಬಿತ್ತು. ಮಳೆಯನ್ನೇ ದೂರಿದೆ, ತಪ್ಪು ನನ್ನದು. ಅಲೆಯನ್ನು ತಡೆಯುತ್ತಿದ್ದದ್ದು ನಡುದಾರಿಯ ತೋಟದ ಒದ್ದೆ ತೆಂಗಿನ ಗರಿ. ಒಂದು ಡಿಶ್‌ನಿಂದ ಇನ್ನೊಂದು ಕಂಡರೆ ಸಾಲದು, 2 ಕಿ.ಮೀ. ದಾರಿಯಾದರೆ ನಟ್ಟನಡುವೆ ಸುತ್ತಲೂ ಸುಮಾರು 5 ಮೀಟರ್ ತೆರವಿರಬೇಕು. ಭಾವನವರ ಕಡೆಯ ಕಂಬ ಎತ್ತರಿಸಿದ ಮೇಲೆ 35ರಲ್ಲಿ ನಿಂತಿದೆ. ಸಂಜೆಯೂ ಅಷ್ಟೇ, ಹಂಚಿಕೊಳ್ಳುವುದು ಹನ್ನೊಂದು ಮನೆ ತಾನೆ.

ಕರೆಂಟ್ ವಿಷಯದಲ್ಲಿ ಟವರ್‌ಗೇ ನನ್ನ ಓಟು. ಅದಕ್ಕೆ ದೊಡ್ಡ ಬ್ಯಾಟರಿಗಳಿವೆ. ನಮ್ಮದಕ್ಕೆ ಎರಡೂ ತುದಿಯಲ್ಲಿ ನಾವೇ ಬ್ಯಾಟರಿ ಇಡಬೇಕಾಯಿತು. ಡಬ್ಬಿಯ ವೈಫೈ ನೂರು ಮೀಟರ್ ದಾಟುವುದಿಲ್ಲ, ತೋಟಕ್ಕೆ ಹೋದರೆ ಮತ್ತೆ ಟವರ್ರೇ ಗತಿ.

ತುಮಕೂರಲ್ಲಿ ತಮ್ಮನ ಬೀದಿಯ ಕಂಬಕ್ಕೆ ಮೊಬೈಲ್ ಕಂಪನಿಯವರೇ ಸ್ಮಾಲ್ ಸೆಲ್ (ಟವರಿನ ಪುಟ್ಟ ರೂಪ) ಕಟ್ಟಿದ್ದಾರೆ. ವಾರವಿದ್ದು ನೋಡಿದೆ: ಲಾಗಿನ್ ಗೋಜಿಲ್ಲ, ಕರೆಯೂ ಡೇಟಾವೂ ಸಿಮ್‌ನಲ್ಲೇ ಸಲೀಸು. ಮೂರರಲ್ಲಿ ಅದೇ ಉತ್ತಮ. ಆದರೆ ಒಂದೊಂದು ಕಂಬದವರೆಗೂ ಫೈಬರ್ ಮತ್ತು ಕರೆಂಟ್ ಎಳೆಯಬೇಕು. ಬೀದಿಕಂಬಗಳನ್ನು ಇದಕ್ಕೆ ಬಳಸಿ ಎಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2022ರಲ್ಲೇ ಶಿಫಾರಸು ಮಾಡಿದೆ. ನಮ್ಮಂಥ ಊರಿಗೂ ಬರಲಿ ಎಂಬುದು ನನ್ನಾಸೆ.

ಸದ್ಯಕ್ಕೆ ಪಾಠವೆಲ್ಲ ಟ್ಯಾಂಕ್ ಡಬ್ಬಿಯಲ್ಲೇ. ರೂಟರ್ ಸಿಮ್‌ಗೆ ಚಿಕ್ಕ ಪ್ಯಾಕ್ ಹಾಕಿ ಇಟ್ಟುಕೊಂಡಿದ್ದೇನೆ, ರಸ್ತೆ ಅಗೆದು ಫೈಬರ್ ಕಡಿದ ದಿನಕ್ಕೆ.