ಗೇರು, ಬೆಲ್ಟು, ಡೈರೆಕ್ಟ್ ಡ್ರೈವ್: ಒಂದೇ ಟ್ರ್ಯಾಕ್‌ನಲ್ಲಿ ನಾಲ್ಕು ವೀಲ್ ಓಡಿಸಿ ನೋಡಿದೆ

ಕಾರ್ ರೇಸಿನ ವಿಡಿಯೋ ಗೇಮ್ ಆಡಲು ಎರಡು ವರ್ಷದಲ್ಲಿ ನಾಲ್ಕು ಬಗೆಯ ಸ್ಟೇರಿಂಗ್ ವೀಲ್ ಬಳಸಿದ್ದೇನೆ. ಒಂದು ಬರೀ ಸ್ಪ್ರಿಂಗಿನದು, ಒಂದು ಗೇರಿನದು, ಒಂದು ಬೆಲ್ಟಿನದು, ಕೊನೆಯದು ಡೈರೆಕ್ಟ್ ಡ್ರೈವ್. ಎರಡು ನನ್ನವೇ, ಇನ್ನೆರಡು ಗೆಳೆಯರಿಂದ ತಂದು ತಿಂಗಳುಗಟ್ಟಲೆ ಆಡಿದ್ದು. ಹೋಲಿಕೆ ಸರಿಯಾಗಿರಲಿ ಅಂತ ನಾಲ್ಕಕ್ಕೂ ಒಂದೇ ಪರೀಕ್ಷೆ ಇಟ್ಟೆ. ಕನ್ಸೋಲ್, ಅಂದರೆ ಆಟದ ಯಂತ್ರ, ಪಿಎಸ್5 (ಪ್ಲೇಸ್ಟೇಷನ್ 5), ಆಟ ಗ್ರಾನ್ ಟುರಿಸ್ಮೊ 7, ಟ್ರ್ಯಾಕ್ ಜಪಾನಿನ ಸುಜುಕಾ. ಮೊದಲು ಮಾಜ್ದಾ ರೋಡ್‌ಸ್ಟರ್‌ನಲ್ಲಿ 20 ಲ್ಯಾಪ್, ಆಮೇಲೆ ಜಿಟಿ3 ಬಗೆಯ ರೇಸ್ ಕಾರಿನಲ್ಲಿ 20 ಲ್ಯಾಪ್. ಸುಜುಕಾ ಯಾಕೆ ಅಂದ್ರೆ 5.8 ಕಿಲೋಮೀಟರ್‌ನಲ್ಲಿ ಎಲ್ಲ ಬಗೆಯ ತಿರುವೂ ಸಿಗುತ್ತದೆ. ಶುರುವಿನಲ್ಲೇ ಹಾವು ಹರಿದ ಹಾಗೆ ಎಡಕ್ಕೆ ಬಲಕ್ಕೆ ಹೊರಳುವ ಎಸ್ ತಿರುವುಗಳು, ನಡುವೆ ಪೂರ್ತಿ ಹಿಂದಕ್ಕೆ ಹೊರಳುವ ಒಂದು ಹೇರ್‌ಪಿನ್, ಮುಗಿಯುವುದೇ ಇಲ್ಲವೇನೋ ಅನ್ನಿಸುವ ಸ್ಪೂನ್ ಅನ್ನುವ ತಿರುವು, ಮೈ ಬಿಗಿಹಿಡಿದು ನುಗ್ಗಬೇಕಾದ 130ಆರ್ ಅನ್ನುವ ವೇಗದ ತಿರುವು, ಅದರ ಬೆನ್ನಿಗೇ ಜೋರಾಗಿ ಬ್ರೇಕ್ ಒತ್ತಬೇಕಾದ ಶಿಕೇನ್, ಅಂದರೆ ಒಂದರ ಬೆನ್ನಿಗೊಂದು ಬರುವ ಇಕ್ಕಟ್ಟಿನ ತಿರುವುಗಳು.

ಡೈರೆಕ್ಟ್ ಡ್ರೈವ್ ಗೆಲ್ಲುತ್ತದೆ ಅಂತ ಮೊದಲೇ ಅಂದುಕೊಂಡಿದ್ದೆ. ಗೆದ್ದಿತು ಕೂಡ. ಆದರೆ ನನ್ನ ಡ್ರೈವಿಂಗ್ ನಿಜವಾಗಿ ಸುಧಾರಿಸಿದ್ದು ಬ್ರೇಕ್ ಪೆಡಲ್ ಮತ್ತು ಕೂರುವ ಜಾಗ ಸರಿ ಮಾಡಿಕೊಂಡ ಮೇಲೆ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಅದಕ್ಕೂ ಮುಂಚೆ ಒಂದು ಮಾತು. ಕನ್ಸೋಲ್‌ಗೆ ವೀಲ್ ತೆಗೆದುಕೊಳ್ಳುವುದು ಪಿಸಿಗೆ ತೆಗೆದುಕೊಂಡ ಹಾಗಲ್ಲ. ಪಿಸಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ನಡೆಯುತ್ತದೆ. ಕನ್ಸೋಲ್‌ಗೆ ಮಾತ್ರ ಆಯಾ ಕಂಪನಿಯ ಲೈಸೆನ್ಸ್ ಇರುವ ವೀಲೇ ಬೇಕು. ಲಾಜಿಟೆಕ್‌ನ ಜಿ29 ಪ್ಲೇಸ್ಟೇಷನ್‌ಗೆ, ನೋಡಲು ಅದರ ಅಣ್ಣತಮ್ಮನ ಹಾಗಿರುವ ಜಿ920 ಎಕ್ಸ್‌ಬಾಕ್ಸ್‌ಗೆ. ಥ್ರಸ್ಟ್‌ಮಾಸ್ಟರ್‌ನಲ್ಲಿ ಟಿ150 ಮತ್ತು ಟಿ300 ಪ್ಲೇಸ್ಟೇಷನ್ ಕಡೆ, ಟಿಎಂಎಕ್ಸ್ ಮತ್ತು ಟಿಎಕ್ಸ್ ಎಕ್ಸ್‌ಬಾಕ್ಸ್ ಕಡೆ. 2020ರಲ್ಲಿ ಬಂದ ಜಿ923ರಲ್ಲಿ ಇನ್ನೂ ಹುಷಾರಾಗಿರಬೇಕು. ಹೆಸರು ಒಂದೇ, ಒಳಗೆ ಎರಡು ಬೇರೆ ಮಾದರಿ, ಡಬ್ಬದ ಮೇಲೆ ಯಾವ ಕನ್ಸೋಲ್ ಅಂತ ಓದಿಯೇ ತೆಗೆದುಕೊಳ್ಳಿ. ಫನಾಟೆಕ್‌ನದು ಮತ್ತೊಂದು ದಾರಿ. ಅಲ್ಲಿ ಪ್ಲೇಸ್ಟೇಷನ್ ಗುರುತು ಮೋಟರ್ ಇರುವ ಬೇಸ್‌ನಲ್ಲಿ ಇರುತ್ತದೆ, ಎಕ್ಸ್‌ಬಾಕ್ಸ್ ಗುರುತು ಕೈಯಲ್ಲಿ ಹಿಡಿಯುವ ಚಕ್ರದಲ್ಲಿ. ಹಾಗಾಗಿ ಗ್ರಾನ್ ಟುರಿಸ್ಮೊ ಡಿಡಿ ಪ್ರೊ ಬೇಸ್‌ಗೆ ಎಕ್ಸ್‌ಬಾಕ್ಸ್ ಚಕ್ರ ಹಾಕಿದರೆ ಎರಡೂ ಕನ್ಸೋಲ್‌ನಲ್ಲಿ ಆಡಬಹುದು. ಆದರೆ ಅದರಂತೆಯೇ ಕಾಣುವ ಸಿಎಸ್ಎಲ್ ಡಿಡಿಗೆ ಏನೇ ಮಾಡಿದರೂ ಅದು ನೇರವಾಗಿ ಪ್ಲೇಸ್ಟೇಷನ್‌ನಲ್ಲಿ ಓಡುವುದಿಲ್ಲ. ಪೆಡಲ್‌ಗೂ ಇದೇ ಕಥೆ. ಒಂದು ಕಂಪನಿಯ ಪೆಡಲ್ ಇನ್ನೊಂದು ಕಂಪನಿಯ ಬೇಸ್‌ಗೆ ಸೇರುವುದಿಲ್ಲ. ಅಂದರೆ ಬೇಸ್ ಆರಿಸುವಾಗಲೇ ಮುಂದೆ ಯಾವ ಪೆಡಲ್, ಯಾವ ಗೇರ್ ಶಿಫ್ಟರ್ ಹಾಕಬಹುದು ಅನ್ನುವುದೂ ತೀರ್ಮಾನ ಆಗಿಬಿಡುತ್ತದೆ.

ಸ್ಪ್ರಿಂಗ್ ವೀಲ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಇದರಲ್ಲಿ ಮೋಟರ್ ಇಲ್ಲ. ತಿರುಗಿಸಿದರೆ ರಬ್ಬರ್ ಅಥವಾ ಸ್ಪ್ರಿಂಗ್ ಮಧ್ಯಕ್ಕೆ ಎಳೆಯುತ್ತದೆ, ಅಷ್ಟೇ. ನನ್ನದು ಒಟ್ಟು 270 ಡಿಗ್ರಿ ತಿರುಗುತ್ತಿತ್ತು. ಕಾರಿನ ಮುಂದಿನ ಟೈರ್ ಹಿಡಿತ ಬಿಟ್ಟಿದೆಯೋ ಇಲ್ಲವೋ ಕೈಗೆ ಗೊತ್ತೇ ಆಗುವುದಿಲ್ಲ, ಯಾಕಂದ್ರೆ ಸ್ಪ್ರಿಂಗ್ ಯಾವಾಗಲೂ ಒಂದೇ ತರ ಎಳೆಯುತ್ತದೆ. ರೋಡ್‌ಸ್ಟರ್ ಹೇರ್‌ಪಿನ್‌ನಿಂದ ಹೊರಬರುವಾಗ ಹಿಂಭಾಗ ಜಾರಿದ್ದು ಕಣ್ಣಿಗೆ ಕಂಡ ಮೇಲೇ ಗೊತ್ತು, ಅಷ್ಟರಲ್ಲಿ ಕಾರು ಸುತ್ತಿ ನಿಂತಿರುತ್ತದೆ. ಚಿಕ್ಕ ಮಕ್ಕಳು ಮಜಾ ಮಾಡಿ ಆಡುವುದಾದರೆ ಸಾಕು. ಗಂಭೀರವಾಗಿ ಲ್ಯಾಪ್ ಓಡಿಸುವುದಾದರೆ ಇದಕ್ಕಿಂತ ಸಾಮಾನ್ಯ ಕಂಟ್ರೋಲರೇ ವಾಸಿ. ಅದರಲ್ಲಾದರೂ ಕೈಗೆ ಸ್ವಲ್ಪ ಕಂಪನ ಬರುತ್ತದೆ.

ಗೇರಿನ ವೀಲ್ ಬಂದಾಗ ಲೋಕವೇ ಬದಲಾದ ಹಾಗಾಯಿತು. ಜಿ29, ಜಿ920, ಜಿ923 ಮೂರೂ ಈ ಗುಂಪಿನವು. ಮೂರೂ 900 ಡಿಗ್ರಿ ತಿರುಗುತ್ತವೆ, ಅಂದರೆ ಈ ತುದಿಯಿಂದ ಆ ತುದಿಗೆ ಎರಡೂವರೆ ಸುತ್ತು. ಒಳಗೆ ಚಿಕ್ಕ ಮೋಟರ್‌ಗಳು ಜೋರಾಗಿ ಸುತ್ತುತ್ತವೆ. ಗೇರುಗಳು ಆ ವೇಗವನ್ನು ಇಳಿಸಿ ಬಲವನ್ನು ಏರಿಸುತ್ತವೆ. ಗೇರಿನ ಹಲ್ಲುಗಳ ನಡುವೆ ಕೂದಲೆಳೆಯಷ್ಟು ಸಡಿಲ ಇರಲೇಬೇಕು, ಇಲ್ಲದಿದ್ದರೆ ಅವು ತಿರುಗುವುದೇ ಇಲ್ಲ. ಈ ವೀಲ್‌ಗಳ ಕೊರತೆಗಳಿಗೆ ಕಾರಣ ಆ ಸಡಿಲವೇ. ಟ್ರ್ಯಾಕ್ ಅಂಚಿನ ಕರ್ಬ್ ಮೇಲೆ ಚಕ್ರ ಹತ್ತಿದರೆ ಕಟಕಟ ಅಂತ ಸದ್ದು, ರಾತ್ರಿ ಆಡಿದರೆ ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಕೇಳಿಸುವಷ್ಟು. ಚಕ್ರ ನೇರ ಇದ್ದಾಗ ಮಧ್ಯದಲ್ಲಿ ಸ್ವಲ್ಪ ಖಾಲಿ ಜಾಗ ಇದ್ದಂತೆ ಅನ್ನಿಸುತ್ತದೆ. ಆದರೆ ಇದರಲ್ಲಿ ಮೊದಲ ಸಲ ಸುಜುಕಾದ ಎಸ್ ತಿರುವುಗಳಲ್ಲಿ ಹೋದಾಗ, ಜಾಸ್ತಿ ವೇಗದಲ್ಲಿ ಒಳಗೆ ನುಗ್ಗಿದ ಕೂಡಲೇ ಚಕ್ರ ಕೈಯಲ್ಲಿ ಹಗುರ ಆಯಿತು, ಮುಂದಿನ ಟೈರ್ ಜಾರುತ್ತಿದೆ ಅಂತ ಕಣ್ಣಿಗಿಂತ ಮುಂಚೆ ಕೈಗೇ ಗೊತ್ತಾಯಿತು, ಆ ಕ್ಷಣದಲ್ಲಿ ನನಗಾದ ಖುಷಿ ಈಗಲೂ ನೆನಪಿದೆ. ಇದರ ಬಲ 2 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ಆಸುಪಾಸು. ಕಡಿಮೆ ಅನ್ನಿಸಬಹುದು, ಕಲಿಯಲು ಮಾತ್ರ ಧಾರಾಳ ಸಾಕು. ಗಟ್ಟಿಮುಟ್ಟು ಕೂಡ. ಮೂರು ಪೆಡಲ್ ಜೊತೆಗೇ ಬರುತ್ತವೆ, ಚಕ್ರಕ್ಕೆ ಚರ್ಮದ ಹೊದಿಕೆ ಇದೆ.

ಆಮೇಲೆ ಬೆಲ್ಟು. ನಾನು ಬಳಸಿದ್ದು ಟಿ300 ಬಗೆಯದು. ಇದು 1080 ಡಿಗ್ರಿ ತಿರುಗುತ್ತದೆ, ಅಂದರೆ ಪೂರ್ತಿ ಮೂರು ಸುತ್ತು. ಮೋಟರಿನ ಬಲ ಬೆಲ್ಟ್ ಮೂಲಕ ಬರುವುದರಿಂದ ಎಲ್ಲವೂ ನಯ. ಸ್ಪೂನ್ ತಿರುವಿನಲ್ಲಿ ಎಡಕ್ಕೆ ತಿರುಗಿಸಿ ಹಾಗೇ ಹಿಡಿದುಕೊಂಡಿರುವಾಗ ಟೈರಿನ ಹಿಡಿತ ಏರುವುದು ಇಳಿಯುವುದು ಒಂದೇ ಎಳೆಯಾಗಿ ಬರುತ್ತದೆ, ಗೇರಿನದರಲ್ಲಿ ಅದೇ ಮೆಟ್ಟಿಲು ಮೆಟ್ಟಿಲಾಗಿ ಬರುತ್ತಿತ್ತು. ಹಿಂಭಾಗ ಜಾರಿದಾಗ ಚಕ್ರ ತಾನೇ ಎದುರು ದಿಕ್ಕಿಗೆ ಬೇಗ ತಿರುಗುತ್ತದೆ. ಕೈ ಸಡಿಲ ಬಿಟ್ಟರೆ ಸಾಕು, ಕಾರು ಸರಿಯಾಗುತ್ತದೆ. ಗೇರಿನದರಲ್ಲಿ ಇದು ಸ್ವಲ್ಪ ತಡ ಅನ್ನಿಸುತ್ತಿತ್ತು. ಇನ್ನು ಕೊರತೆ. ಬೆಲ್ಟ್ ರಬ್ಬರ್ ಆದ್ದರಿಂದ ಸಣ್ಣ ಸಣ್ಣ ಕಂಪನ ಅದರಲ್ಲೇ ಇಂಗಿಹೋಗುತ್ತದೆ. ಒಂದು ಗಂಟೆಗಿಂತ ಜಾಸ್ತಿ ಆಡಿದರೆ ಮೋಟರ್ ಬಿಸಿಯಾಗಿ ಒಳಗಿನ ಫ್ಯಾನ್ ಸದ್ದು ಶುರುವಾಗುತ್ತದೆ. ಕಟಕಟ ಸದ್ದಿಗಿಂತ ಫ್ಯಾನ್ ಸದ್ದು ನನಗೆ ಎಷ್ಟೋ ವಾಸಿ. ಈ ಬೇಸ್‌ನಲ್ಲಿ ಚಕ್ರ ಬಿಚ್ಚಿ ಬೇರೆ ಹಾಕಬಹುದು ಅನ್ನುವುದೂ ಒಳ್ಳೆಯ ಅನುಕೂಲ. ಒಂದು ಎಚ್ಚರಿಕೆ: ಬೆಲ್ಟು ಗೇರು ಎರಡೂ ಸೇರಿಸಿ ಮಾಡಿದ ವೀಲ್‌ಗಳೂ ಇವೆ, ಟಿ150, ಟಿ248 ಆ ಬಗೆಯವು. ಬೆಲ್ಟ್ ಇದೆ ಅಂದ ಮಾತ್ರಕ್ಕೆ ಪೂರ್ತಿ ನಯ ಅಂತ ಅಂದುಕೊಳ್ಳಬೇಡಿ.

ಡೈರೆಕ್ಟ್ ಡ್ರೈವ್‌ನಲ್ಲಿ ನಡುವೆ ಏನೂ ಇಲ್ಲ. ಮೋಟರಿನ ದಂಡಕ್ಕೇ ಚಕ್ರ ಸಿಕ್ಕಿಸಿರುತ್ತಾರೆ. ನಾನು ಆಡಿದ್ದು 5 ನ್ಯೂಟನ್ ಮೀಟರ್‌ನದು. ದೊಡ್ಡ ಪವರ್ ಸಪ್ಲೈ ಹಾಕಿದರೆ ಅದೇ ಬೇಸ್ 8ರ ತನಕ ಹೋಗುತ್ತದೆ. ಮೊದಲ ಲ್ಯಾಪ್‌ನಲ್ಲಿ ನನಗೆ ಬಲಕ್ಕಿಂತ ಜಾಸ್ತಿ ಹಿಡಿಸಿದ್ದು ಅದರ ವಿವರ. ರಸ್ತೆಯ ಉಬ್ಬು, ಕರ್ಬಿನ ಒಂದೊಂದು ಹಲ್ಲು, ಟೈರ್ ಹಿಡಿತ ಬಿಡುವ ಮುಂಚಿನ ಸಣ್ಣ ನಡುಕ, ಎಲ್ಲ ಬಿಡಿಬಿಡಿಯಾಗಿ ಕೈಗೆ ಬರುತ್ತವೆ. ಸದ್ದಂತೂ ಇಲ್ಲವೇ ಇಲ್ಲ.

ಬಲ ಯಾಕೆ ಬೇಕು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಆಟ ಕಳಿಸುವ ಬಲ ಮೋಟರಿನ ಶಕ್ತಿ ಮೀರಿದರೆ, ಮೀರಿದ್ದೆಲ್ಲ ವ್ಯರ್ಥ. ತುಂಬಿದ ಕೊಡಕ್ಕೆ ಇನ್ನೂ ನೀರು ಸುರಿದ ಹಾಗೆ. ಇದಕ್ಕೆ ಕ್ಲಿಪ್ಪಿಂಗ್ ಅಂತಾರೆ. 130ಆರ್‌ನಲ್ಲಿ ಚಿಕ್ಕ ವೀಲ್ ಆಗಲೇ ತನ್ನ ಪೂರ್ತಿ ಬಲ ಹಾಕಿರುತ್ತದೆ. ಆಮೇಲೆ ಉಬ್ಬು ಬಂದರೂ ತೋರಿಸಲು ಅದರ ಹತ್ತಿರ ಏನೂ ಉಳಿದಿರುವುದಿಲ್ಲ. ದೊಡ್ಡ ಮೋಟರಿನಲ್ಲಿ ಆ ಉಬ್ಬಿಗೆ ಜಾಗ ಇರುತ್ತದೆ. ಹಾಗಾಗಿ ಗೇರಿನ ವೀಲ್ ಇರುವವರು ಫೋರ್ಸ್ ಫೀಡ್‌ಬ್ಯಾಕ್, ಅಂದರೆ ಮೋಟರ್ ಕೈಗೆ ಕೊಡುವ ಬಲವನ್ನು, 10ಕ್ಕೆ ಏರಿಸಿ ಗಟ್ಟಿಯಾಗಿದೆ ಅಂತ ಸಂತೋಷ ಪಡುವ ಬದಲು ಸ್ವಲ್ಪ ಇಳಿಸಿ ನೋಡಿ. ಗ್ರಾನ್ ಟುರಿಸ್ಮೊ 7ರಲ್ಲಿ ಮ್ಯಾಕ್ಸ್ ಟಾರ್ಕ್ ಅನ್ನುವ ಬಲದ ಸೆಟ್ಟಿಂಗನ್ನು ಅರ್ಧದ ಹತ್ತಿರ ತಂದ ಮೇಲೆ ನನ್ನ ಗೇರಿನ ವೀಲ್‌ನಲ್ಲಿ ಅಲ್ಲಿಯ ತನಕ ಕಾಣದ ವಿವರ ಕಂಡಿತು. ಡೈರೆಕ್ಟ್ ಡ್ರೈವ್‌ನಲ್ಲಿ ಇನ್ನೊಂದು ಎಚ್ಚರ: ಗೋಡೆಗೆ ಗುದ್ದುವಾಗ ಹೆಬ್ಬೆರಳು ಚಕ್ರದ ಅಡ್ಡಪಟ್ಟಿಗಳ ಒಳಗೆ ಇರಬಾರದು. 8 ನ್ಯೂಟನ್ ಮೀಟರ್ ಸುಮ್ನೆ ಅಲ್ಲ.

ಈಗ ಬ್ರೇಕ್. ಸಾಮಾನ್ಯ ಪೆಡಲ್ ಅಳೆಯುವುದು ನೀವು ಎಷ್ಟು ದೂರ ಒತ್ತಿದಿರಿ ಅನ್ನುವುದನ್ನು. ಲೋಡ್ ಸೆಲ್ ಪೆಡಲ್ ಅಳೆಯುವುದು ಎಷ್ಟು ಜೋರಾಗಿ ಒತ್ತಿದಿರಿ ಅನ್ನುವುದನ್ನು. ಕೇಳಲು ಸಣ್ಣ ವ್ಯತ್ಯಾಸ, ಅಲ್ವಾ? ಆದರೆ ಕಾಲಿಗೆ ದೂರ ನೆನಪಿರುವುದು ಕಷ್ಟ, ಒತ್ತಡ ಚೆನ್ನಾಗಿ ನೆನಪಿರುತ್ತದೆ. ಸುಜುಕಾದ ಶಿಕೇನ್‌ಗೆ ಬರುವಾಗ ಮೊದಲು ಪೂರ್ತಿ ಒತ್ತಿ, ಆಮೇಲೆ ಚಕ್ರ ತಿರುಗಿಸುತ್ತಾ ತಿರುಗಿಸುತ್ತಾ ನಿಧಾನಕ್ಕೆ ಕಾಲು ಬಿಡಬೇಕು. ಮೆತ್ತನೆಯ ಸ್ಪ್ರಿಂಗ್ ಪೆಡಲ್‌ನಲ್ಲಿ ನಾನು ಒಂದು ಲ್ಯಾಪ್‌ನಲ್ಲಿ ಬೇಗ ನಿಂತೆ, ಇನ್ನೊಂದರಲ್ಲಿ ಕಲ್ಲಿನ ಗುಂಡಿಗೆ ಹೋದೆ. ಲೋಡ್ ಸೆಲ್ ಹಾಕಿದ ಎರಡನೇ ವಾರದಿಂದ ಹತ್ತಕ್ಕೆ ಎಂಟು ಸಲ ಒಂದೇ ಜಾಗದಲ್ಲಿ ಕಾರು ತಿರುಗುತ್ತಿತ್ತು. ಚಕ್ರ ಅದೇ, ಕಾರು ಅದೇ. ಲೋಡ್ ಸೆಲ್ ಸಿಗದವರು ಪೆಡಲನ್ನು ಗಟ್ಟಿ ಮಾಡಿಕೊಳ್ಳಬಹುದು. ಜಿ29ರ ಬ್ರೇಕ್ ಒಳಗೆ ಮೊದಲೇ ರಬ್ಬರ್ ತುಂಡು ಇದೆ, ಕೊನೆಯ ಭಾಗ ಅದಕ್ಕೇ ಅಷ್ಟು ಗಟ್ಟಿ. ಬಹಳ ಜನ ಅದನ್ನು ಬೈಯುತ್ತಾರೆ, ಕಿತ್ತೂ ಹಾಕುತ್ತಾರೆ. ನನಗೆ ಅದು ಇರುವುದೇ ಸರಿ ಅನ್ನಿಸುತ್ತದೆ. ಬೇರೆ ಪೆಡಲ್‌ಗೆ ಹಿಂದುಗಡೆ ಗಟ್ಟಿ ರಬ್ಬರ್ ತುಂಡು ಇಟ್ಟರೂ ಕಾಲಿಗೆ ತಾಗಿ ನಿಲ್ಲುವಂಥ ಒಂದು ಆಧಾರ ಸಿಗುತ್ತದೆ.

ಗಟ್ಟಿ ಬ್ರೇಕ್ ಬಂದ ದಿನವೇ ಹೊಸ ತೊಂದರೆ ಶುರು. ಚಕ್ರ ಇರುವ ಆಫೀಸ್ ಕುರ್ಚಿಯಲ್ಲಿ ಕೂತು ಬ್ರೇಕ್ ಒತ್ತಿದರೆ ಕುರ್ಚಿ ಹಿಂದೆ ಹೋಗುತ್ತದೆ, ಕುರ್ಚಿ ತಡೆದರೆ ಪೆಡಲ್ ಮುಂದೆ ಜಾರುತ್ತದೆ. ಪೆಡಲನ್ನು ಗೋಡೆಗೆ ಒತ್ತಿ ಇಟ್ಟು, ಆ ಕುರ್ಚಿಯ ಬದಲು ನಾಲ್ಕು ಕಾಲಿನ ಮರದ ಕುರ್ಚಿ ತಂದ ಮೇಲೆ ಅರ್ಧ ಸರಿಯಾಯಿತು. ಪೆಡಲ್ ಮತ್ತು ಬೇಸ್ ಎರಡನ್ನೂ ಬೋಲ್ಟ್ ಮಾಡುವ ಕಬ್ಬಿಣದ ಸ್ಟ್ಯಾಂಡ್ ಬಂದ ಮೇಲೆ ಪೂರ್ತಿ ಸರಿಯಾಯಿತು. ಇಲ್ಲೇ ನಾನು ಒಂದು ಅಡ್ಡ ಪರೀಕ್ಷೆ ಮಾಡಿದೆ. ಡೈರೆಕ್ಟ್ ಡ್ರೈವ್ ಅನ್ನು ಮೇಜಿಗೆ ಕ್ಲಾಂಪ್ ಮಾಡಿ ಒಂದು ಸಂಜೆ, ಗೇರಿನ ವೀಲ್ ಅನ್ನು ಸ್ಟ್ಯಾಂಡಿಗೆ ಬೋಲ್ಟ್ ಮಾಡಿ ಮರುದಿನ ಸಂಜೆ. ಮೇಜಿನ ಹಲಗೆ ಪ್ರತಿ ತಿರುವಿನಲ್ಲೂ ಅಲುಗಾಡಿತು. ಮೋಟರ್ ಕೊಟ್ಟ ವಿವರದಲ್ಲಿ ಅರ್ಧ ಆ ಹಲಗೆಯೇ ನುಂಗಿತು. ಸ್ಟ್ಯಾಂಡ್ ಮೇಲಿನ ಗೇರಿನ ವೀಲ್‌ನಲ್ಲಿ ನನ್ನ ಲ್ಯಾಪ್‌ಗಳು ಹೆಚ್ಚು ಸಮಾನವಾಗಿ ಬಂದವು, ಕೈಯೂ ಕಡಿಮೆ ದಣಿಯಿತು. ಎರಡು ಸಲ ಮತ್ತೆ ಮಾಡಿ ನೋಡಿದೆ, ಫಲ ಅದೇ.

ಕೂರುವ ಬಗೆಯೂ ಮುಖ್ಯ. ಬೆನ್ನು ಒರಗಿ ಕೂತು ಕೈ ಚಾಚಿದರೆ ಮಣಿಕಟ್ಟು ಚಕ್ರದ ಮೇಲ್ಭಾಗ ಮುಟ್ಟಬೇಕು. ಬ್ರೇಕ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಿಸಿರಬೇಕು. ಟಿವಿ ಎಷ್ಟು ಹತ್ತಿರ ತರಲು ಆಗುತ್ತದೋ ಅಷ್ಟು ತನ್ನಿ. ವೀಲ್ ಆನ್ ಮಾಡಿದಾಗ ಅದು ತಾನೇ ಎರಡೂ ಕಡೆ ತಿರುಗಿ ಮಧ್ಯ ಹುಡುಕಿಕೊಳ್ಳುತ್ತದೆ, ಆಗ ಕೈ ಮುಟ್ಟಿಸಬೇಡಿ. ಮುಟ್ಟಿದರೆ ಮಧ್ಯ ತಪ್ಪಿ ಕಾರು ಒಂದು ಕಡೆ ಎಳೆಯುತ್ತದೆ.

ಎಲ್ಲ ಆಟಕ್ಕೂ ವೀಲ್ ಬೇಕು ಅಂತಿಲ್ಲ. ಗ್ರಾನ್ ಟುರಿಸ್ಮೊ 7, ಅಸೆಟ್ಟೊ ಕೋರ್ಸಾ ಕಾಂಪಿಟಿಜಿಯೋನೆ, ಡರ್ಟ್ ರ‍್ಯಾಲಿ 2.0 ಇವೆಲ್ಲ ವೀಲ್ ಹಿಡಿದೇ ಆಡಬೇಕಾದವು. ಫೋರ್ಜಾ ಹೊರೈಜನ್ 5 ನನಗೆ ಕಂಟ್ರೋಲರ್‌ನಲ್ಲೇ ಚೆಂದ. ಹೊಲ ಗದ್ದೆ ಹಾರಿ ಓಡುವ ಆಟದಲ್ಲಿ ಎರಡೂವರೆ ಸುತ್ತು ತಿರುಗಿಸುತ್ತಾ ಕೂರಲು ಆಗುವುದಿಲ್ಲ. ಎಫ್1 ಕಾರಿಗೆ ಡಿಗ್ರಿಯನ್ನು 360ರ ಆಸುಪಾಸಿಗೆ ಇಳಿಸಿಕೊಂಡರೆ ಕೈಗೆ ಹಿತ.

ಯಾವುದು ತೆಗೆದುಕೊಳ್ಳಬೇಕು ಅಂತ ಕೇಳಿದರೆ, ಮೊದಲ ವೀಲ್ ಆಗಿ ನಾನು ಗೇರಿನದನ್ನೇ ಹೇಳುತ್ತೇನೆ, ಉಳಿಯುವ ಹಣ ಸ್ಟ್ಯಾಂಡಿಗೆ ಹಾಕಿ. ಈಗಾಗಲೇ ಗೇರಿನದು ಇದ್ದು ಬದಲಾಯಿಸುವ ಆಸೆ ಇದ್ದರೆ ಬೆಲ್ಟ್ ಬಿಟ್ಟು, ಸ್ವಲ್ಪ ಕಾದು, ನೇರ ಡೈರೆಕ್ಟ್ ಡ್ರೈವ್‌ಗೆ ಹೋಗಿ. ಹೊಸ ಬೆಲ್ಟ್ ವೀಲ್ ತೆಗೆದುಕೊಳ್ಳಲು ಈಗ ನನಗೆ ಕಾರಣ ಕಾಣುತ್ತಿಲ್ಲ. ಯಾರಾದರೂ ಬಳಸಿದ್ದು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕಿದರೆ ಮಾತ್ರ ಬೇರೆ ಮಾತು.

ಬಳಸಿದ್ದು ಕೊಳ್ಳುವವರು ಪೆಡಲ್ ಮೊದಲು ನೋಡಿ. ನನಗೆ ಸಿಕ್ಕ ಒಂದು ಹಳೆಯ ಸೆಟ್‌ನಲ್ಲಿ ಕಾಲು ಅಲುಗಾಡಿಸದೇ ಇದ್ದರೂ ಆಕ್ಸಿಲರೇಟರ್ ಪಟ್ಟಿ ಪರದೆಯ ಮೇಲೆ ಕುಣಿಯುತ್ತಿತ್ತು. ಪೆಡಲ್ ಎಷ್ಟು ಒತ್ತಿದೆ ಅಂತ ಅಳೆಯುವ ಒಳಗಿನ ಪೊಟೆನ್ಶಿಯೋಮೀಟರ್‌ನಲ್ಲಿ ಧೂಳು ಕೂತಿತ್ತು. ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದ ಮೇಲೆ ಸರಿಹೋಯಿತು. ಹಾಗಾಗಿ ಕೊಳ್ಳುವ ಮುಂಚೆ ಆಟದ ಒಳಗೆ ಹೋಗಿ, ಮೂರೂ ಪೆಡಲ್ ಒಂದೊಂದಾಗಿ ನಿಧಾನಕ್ಕೆ ಒತ್ತಿ ಬಿಡಿ, ಪಟ್ಟಿ ನಿಮ್ಮ ಕಾಲಿನ ಜೊತೆಗೇ ಏರಿ ಇಳಿಯಬೇಕು. ಆಮೇಲೆ ಅರ್ಧ ಗಂಟೆ ಬಿಡದೆ ಓಡಿಸಿ, ತಣ್ಣಗಿದ್ದಾಗ ಚೆನ್ನಾಗಿದ್ದ ಮೋಟರ್ ಬಿಸಿಯಾದ ಮೇಲೆ ಬಲ ಕಳೆದುಕೊಳ್ಳುತ್ತದೆಯೋ ಅಂತ ಆಗ ಗೊತ್ತಾಗುತ್ತದೆ.