ಮರಳ ದಿಬ್ಬಕ್ಕೆ ಸಜ್ಜಾದ ರ‍್ಯಾಪ್ಟರ್ 700ಆರ್: ಪ್ಯಾಡಲ್ ಟೈರು, ಉದ್ದನೆಯ ಆಕ್ಸಲ್ ಮತ್ತು ಎ-ಆರ್ಮ್ ಜೋಡಣೆಯ ವಿಮರ್ಶೆ

ಶಾರ್ಜಾದ ಅಲ್ ಬದಾಯರ್ ಮರಳುಗಾಡಿನಲ್ಲಿ ಓಡಿಸುವ ಉದ್ದೇಶದಿಂದ ನನ್ನ ಯಮಾಹಾ ರ‍್ಯಾಪ್ಟರ್ 700ಆರ್ ಎಂಬ ನಾಲ್ಕು ಚಕ್ರದ ಕ್ವಾಡ್ ಬೈಕಿಗೆ ಮಾಡಿಸಿದ ಬದಲಾವಣೆಗಳ ಕುರಿತು, ಒಂದು ಇಡೀ ಚಳಿಗಾಲ ಅವನ್ನು ಬಳಸಿ ನೋಡಿದ ಬಳಿಕ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಹಿಂದಿನ ಚಕ್ರಗಳಿಗೆ ಎಂಟು ಪಟ್ಟಿಗಳ ಪ್ಯಾಡಲ್ ಟೈರು, ಮುಂದಿನ ಚಕ್ರಗಳಿಗೆ ನಡುವೆ ಸುತ್ತಲೂ ಒಂದೇ ಏಣು (ಎದ್ದು ನಿಂತ ಗೆರೆ) ಇರುವ ನುಣುಪು ಟೈರು, ಹಿಂಬದಿಗೆ ಒಟ್ಟು ನಾಲ್ಕು ಇಂಚು ಹೆಚ್ಚು ಉದ್ದದ ಆಕ್ಸಲ್ (ಎರಡು ಚಕ್ರಗಳನ್ನು ಕೂಡಿಸುವ ಅಚ್ಚು), ಮುಂಬದಿಗೆ ಒಂದೊಂದು ಕಡೆ ಎರಡು ಇಂಚು ಹೆಚ್ಚು ಉದ್ದದ, ಚಕ್ರವನ್ನು ಚೌಕಟ್ಟಿಗೆ ಜೋಡಿಸುವ ತೋಳುಗಳಾದ ಎ-ಆರ್ಮ್‌ಗಳು, ಇವಿಷ್ಟು ಮುಖ್ಯ ಬದಲಾವಣೆಗಳು. ದುಬೈ, ಶಾರ್ಜಾಗಳಲ್ಲಿ ನೆಲೆಸಿರುವ ನಮ್ಮ ಕನ್ನಡಿಗ ಗೆಳೆಯರಲ್ಲಿ ಕ್ವಾಡ್ ಬೈಕ್ ಕೊಂಡವರು ಬಹುತೇಕ ಮೊದಲು ಪ್ಯಾಡಲ್ ಟೈರನ್ನಷ್ಟೇ ಹಾಕಿಸಿ ಅಲ್ಲಿಗೇ ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣವನ್ನು ವಿವರವಾಗಿ ಹೇಳುವುದೇ ಈ ಬರಹದ ಉದ್ದೇಶ.

ಮೊದಲು ಗಾಡಿಯ ಬಗ್ಗೆ ಎರಡು ಮಾತು. ರ‍್ಯಾಪ್ಟರ್ 700ಆರ್ 686 ಸಿಸಿಯ ಒಂದೇ ಸಿಲಿಂಡರಿನ ಎಂಜಿನ್ ಹೊಂದಿದ್ದು, ಪೆಟ್ರೋಲ್ ತುಂಬಿದಾಗ ಸುಮಾರು 191 ಕಿಲೋ ತೂಗುತ್ತದೆ. ಕಂಪನಿಯಿಂದ ಬರುವ ಹಿಂದಿನ ಟೈರಿನ ಅಳತೆ 20x10-9, ಮುಂದಿನದು 22x7-10. ಈ ಟೈರುಗಳ ಮೇಲಿನ ಗುಬಟುಗಳು ಮಣ್ಣಿಗೂ ಜಲ್ಲಿಗೂ ಹೇಳಿ ಮಾಡಿಸಿದಂತಿವೆ. ಆದರೆ ಒಣ ಮರಳಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಅವು ಮರಳನ್ನು ಹಿಂದಕ್ಕೆ ತಳ್ಳುವುದಕ್ಕಿಂತ ಹೆಚ್ಚಾಗಿ ತಾವೇ ಕೆಳಗೆ ಕೊರೆದುಕೊಂಡು ಹೋಗುತ್ತವೆ. ಏರಿನ ಅರ್ಧದಲ್ಲಿ ವೇಗ ಕಳೆದುಕೊಂಡರೆ ಹಿಂದಿನ ಆಕ್ಸಲ್ ಮರಳಿನ ಮೇಲೆ ಕುಳಿತುಬಿಡುತ್ತದೆ. ಆಮೇಲೆ ಇಳಿದು ಎಳೆಯುವುದೊಂದೇ ದಾರಿ.

ಪ್ಯಾಡಲ್ ಟೈರು ಈ ತೊಂದರೆಯನ್ನು ನಿಜವಾಗಿಯೂ ನಿವಾರಿಸುತ್ತದೆ. ಟೈರಿನ ಅಡ್ಡಕ್ಕೆ ಎದ್ದು ನಿಂತ ಪ್ರತಿಯೊಂದು ರಬ್ಬರ್ ಪಟ್ಟಿಯೂ ಸಲಿಕೆಯಂತೆ ಒಳಕ್ಕೆ ಬಾಗಿದ್ದು, ಚಕ್ರ ತಿರುಗಿದಂತೆ ಬೊಗಸೆ ತುಂಬ ಮರಳನ್ನು ಹಿಡಿದು ಹಿಂದಕ್ಕೆ ಎಸೆಯುತ್ತದೆ. ಎಸೆದ ಮರಳಿನ ತೂಕ ಮತ್ತು ವೇಗಕ್ಕೆ ತಕ್ಕಷ್ಟು ಬಲ ಗಾಡಿಯನ್ನು ಮುಂದಕ್ಕೆ ನೂಕುತ್ತದೆ. ಮೊದಲು ಓಟದ ಬಲದಿಂದಲೇ ಹತ್ತಬೇಕಾಗಿದ್ದ ಏರುಗಳನ್ನು ಈಗ ನಿಂತಲ್ಲಿಂದ ಹೊರಟು ಹತ್ತಬಹುದಾಗಿದೆ. ಪಟ್ಟಿಗಳ ಸಂಖ್ಯೆ ಹೆಚ್ಚಿದಷ್ಟೂ ಒಳ್ಳೆಯದೆಂದು ಭಾವಿಸಬಾರದು. ಎಂಜಿನ್ನಿಗೆ ಹೊರಲಾಗದಷ್ಟು ಪಟ್ಟಿಗಳಿದ್ದರೆ ಅದು ಏರಿನಲ್ಲಿ ಉಸಿರುಗಟ್ಟುತ್ತದೆ. ತೀರ ಕಡಿಮೆಯಿದ್ದರೆ ಚಕ್ರ ಬರಿದೇ ಸುತ್ತುತ್ತದೆ. ಈ ಎಂಜಿನ್ನಿಗೆ ಎಂಟು ಪಟ್ಟಿ ಹದವಾಗಿ ಹೊಂದಿದೆ. ಸ್ಪ್ರಾಕೆಟ್ (ಚೈನು ಕೂರುವ ಹಲ್ಲುಗಾಲಿ) ಬದಲಿಸುವ ಅಗತ್ಯವೂ ನನಗೆ ಕಂಡುಬರಲಿಲ್ಲ.

ಟೈರು ಕೂಡಿಸುವಾಗ ಒಂದು ವಿಷಯವನ್ನು ಗ್ರಾಹಕರೇ ಕಣ್ಣಾರೆ ನೋಡಿಕೊಳ್ಳಬೇಕು. ಪ್ಯಾಡಲ್ ಟೈರಿಗೆ ತಿರುಗುವ ದಿಕ್ಕು ನಿಗದಿಯಾಗಿರುತ್ತದೆ; ಪಕ್ಕದ ಗೋಡೆಯ ಮೇಲೆ ಬಾಣದ ಗುರುತು ಇರುತ್ತದೆ. ನನ್ನ ಗಾಡಿಗೆ ಕೆಲಸ ಮಾಡಿದ ವರ್ಕ್‌ಶಾಪಿನವರು ಎಡ ಬಲಗಳನ್ನು ಅದಲುಬದಲು ಮಾಡಿ ಕೂಡಿಸಿದ್ದರು. ಗಾಡಿಯ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿದರೆ, ಟೈರಿನ ಮೇಲ್ಭಾಗದ ಪಟ್ಟಿಗಳ ತಗ್ಗು ಹ್ಯಾಂಡಲ್ಲಿನ ಕಡೆಗೆ ಮುಖ ಮಾಡಿರಬೇಕು, ಏಕೆಂದರೆ ಅದೇ ಪಟ್ಟಿ ಕೆಳಗೆ ಬಂದಾಗ ತಗ್ಗು ಹಿಂದಕ್ಕೆ ತಿರುಗಿ ಮರಳನ್ನು ಹಿಡಿಯುತ್ತದೆ. ನನ್ನ ಗಾಡಿಯಲ್ಲಿ ಅದು ನನ್ನ ಮುಖಕ್ಕೆ ಎದುರಾಗಿತ್ತು. ತಿಳಿಸಿದ ಕೂಡಲೇ ಸರಿಪಡಿಸಿಕೊಟ್ಟರಾದರೂ, ಮರಳಿನ ಕೆಲಸವೇ ತಮ್ಮ ಕಸುಬು ಎಂದು ಹೇಳಿಕೊಳ್ಳುವವರಿಂದ ಇಂಥದ್ದನ್ನು ನಿರೀಕ್ಷಿಸಿರಲಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಪ್ಯಾಡಲ್ ಟೈರು ಮುಂದಕ್ಕೆ ಕೊಡುವ ಹಿಡಿತದ ಬೆಲೆಯನ್ನು ಪಕ್ಕದ ಹಿಡಿತದಿಂದ ವಸೂಲು ಮಾಡುತ್ತದೆ. ಪಟ್ಟಿಗಳ ನಡುವಿನ ರಬ್ಬರ್ ನುಣುಪಾಗಿರುವುದರಿಂದ, ಇಳಿಜಾರಿಗೆ ಅಡ್ಡಲಾಗಿ ಸಾಗುವಾಗ ಗಾಡಿಯ ಹಿಂಭಾಗ ತಗ್ಗಿನ ಕಡೆಗೆ ಜಾರುತ್ತಲೇ ಇರುತ್ತದೆ. ಜಾರುವುದರಿಂದಲೇ ಅಪಾಯವಿಲ್ಲ, ಒಂದೇ ಸಮನಾಗಿ ಜಾರುವ ಗಾಡಿ ಮಗುಚುವುದಿಲ್ಲ. ಹಾಗೆ ಜಾರುತ್ತಿರುವ ಚಕ್ರ ಬೇರೆ ಗಾಡಿಯ ಹಳೆಯ ಜಾಡಿಗೋ ಗಟ್ಟಿ ಮರಳಿನ ದಿಣ್ಣೆಗೋ ತಟ್ಟಿ ಥಟ್ಟನೆ ನಿಂತಾಗ ಮೇಲಿನ ಭಾರವೆಲ್ಲ ಆ ಕಡೆಗೆ ವಾಲುತ್ತದೆ, ಗಾಡಿ ಸವಾರನ ಸಮೇತ ಉರುಳುತ್ತದೆ. ಹಿಡಿತ ಹೆಚ್ಚಿಸುವ ಟೈರನ್ನು ಹಾಕಿಸಿದ ದಿನವೇ ಗಾಡಿಯ ಅಗಲವನ್ನೂ ಹೆಚ್ಚಿಸಬೇಕೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಅಗಲದಿಂದ ಎಷ್ಟು ಲಾಭವೆಂಬುದನ್ನು ಸ್ಥೂಲವಾಗಿ ಲೆಕ್ಕ ಹಾಕಬಹುದು. ಹಿಂದಿನ ಎರಡು ಟೈರುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಸುಮಾರು 920 ಮಿಲಿಮೀಟರ್ ಅಂತರವಿದೆ ಎಂದೂ, ಸವಾರ ಕುಳಿತಾಗ ಗುರುತ್ವ ಕೇಂದ್ರ ನೆಲದಿಂದ 650 ಮಿಲಿಮೀಟರ್ ಎತ್ತರದಲ್ಲಿದೆ ಎಂದೂ ಇಟ್ಟುಕೊಂಡರೆ, ನಿಂತ ಗಾಡಿ ಸುಮಾರು 35 ಡಿಗ್ರಿ ಓರೆಯಾದಾಗ ಮಗುಚುತ್ತದೆ. ನಾಲ್ಕು ಇಂಚು ಸೇರಿಸಿದರೆ ಅದು 38 ಡಿಗ್ರಿಗೆ ಏರುತ್ತದೆ. ಮೂರು ಡಿಗ್ರಿ ಕಡಿಮೆಯೆನಿಸಬಹುದು. ಆದರೆ ದಿಬ್ಬದ ಗಾಳಿಮರೆಯ ಬದಿಯಲ್ಲಿ ಒಣ ಮರಳು ತಾನಾಗಿ ನಿಲ್ಲುವ ಕೋನ 32ರಿಂದ 34 ಡಿಗ್ರಿ ಆಗಿರುವುದರಿಂದ, ಮೊದಲು ಬಹುತೇಕ ಇಲ್ಲವೇ ಇಲ್ಲ ಎನ್ನಬಹುದಾಗಿದ್ದ ಅಂತರ ಈಗ ಲೆಕ್ಕಕ್ಕೆ ಸಿಗುವಷ್ಟಾಗಿದೆ. ಸವಾರನ ದೇಹದ ಪಾಲನ್ನೂ ಇಲ್ಲಿ ಮರೆಯಬಾರದು. 75 ಕಿಲೋ ತೂಕದವರು ಏರಿನ ಕಡೆಗೆ 20 ಸೆಂಟಿಮೀಟರ್ ಸರಿದು ಕುಳಿತರೆ ಒಟ್ಟು ಗುರುತ್ವ ಕೇಂದ್ರ 5 ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು ಸರಿಯುತ್ತದೆ. ಆಕ್ಸಲ್ ಒಂದು ಬದಿಗೆ ಕೊಡುವ ಲಾಭವೂ ಅಷ್ಟೇ. ಎರಡೂ ಕೂಡಿದಾಗ ಗಾಡಿ ಬಹಳ ನೆಮ್ಮದಿಯಿಂದ ಸಾಗುತ್ತದೆ.

ಅಗಲ ಹೆಚ್ಚಿಸಲು ಚಕ್ರದ ಒಳಬದಿಗೆ ಕೂಡಿಸುವ ದಪ್ಪ ಬಿಲ್ಲೆ, ಅಂದರೆ ವೀಲ್ ಸ್ಪೇಸರ್ ಎಂಬ ಅಗ್ಗದ ದಾರಿಯೂ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಮುಂದಿನ ಚಕ್ರಕ್ಕೆ ಸ್ಪೇಸರ್ ಹಾಕಿದರೆ ಹ್ಯಾಂಡಲ್ ತಿರುಗಿಸಿದಾಗ ಚಕ್ರ ಹೊರಳುವ ಅಚ್ಚಿನಿಂದ ಟೈರು ದೂರ ಸರಿಯುತ್ತದೆ, ಪ್ರತಿಯೊಂದು ಗುದ್ದೂ ಹ್ಯಾಂಡಲ್ಲಿನ ಮೂಲಕ ಮಣಿಕಟ್ಟಿಗೆ ಬಂದು ಬಡಿಯುತ್ತದೆ, ಬೇರಿಂಗ್ ಮೇಲೆ ಸಲ್ಲದ ಹೊರೆ ಬೀಳುತ್ತದೆ. ಉದ್ದನೆಯ ಎ-ಆರ್ಮ್‌ನಲ್ಲಿ ಈ ದೋಷವಿಲ್ಲ. ಆದರೆ ಅದಕ್ಕೂ ಒಂದು ಷರತ್ತಿದೆ: ಆರ್ಮ್ ಉದ್ದವಾದಂತೆ ಸನ್ನೆಯ ಬಲ ಹೆಚ್ಚಿ ಸ್ಪ್ರಿಂಗ್ ಮೆದುವಾಗುತ್ತದೆ. ಶಾಕ್ ಅಬ್ಸಾರ್ಬರ್ ಕೂರುವ ಜಾಗ ಮೊದಲಿನಂತೆಯೇ ಇದ್ದು, ಉದ್ದ ಮಾತ್ರ ಶೇಕಡ 10ರಷ್ಟು ಹೆಚ್ಚಿದರೆ ಚಕ್ರದ ಬಳಿಯ ಬಿಗಿ ಸುಮಾರು ಶೇಕಡ 17ರಷ್ಟು ಇಳಿಯುತ್ತದೆ. ಆದ್ದರಿಂದ ಸ್ಪ್ರಿಂಗ್ ಬದಲಿಸದೆ ಎ-ಆರ್ಮ್ ಮಾತ್ರ ಬದಲಿಸಿದರೆ ದಿಬ್ಬದಿಂದ ಇಳಿಯುವಾಗ ಮೂತಿ ಕುಸಿಯುತ್ತದೆ, ಕೆಳಗಿನ ಸಮತಟ್ಟಿಗೆ ತಾಕಿದಾಗ ಶಾಕ್ ತಳ ಮುಟ್ಟುತ್ತದೆ. ಗಟ್ಟಿ ಸ್ಪ್ರಿಂಗ್ ಸೇರಿಸಿ ನೋಡಿದರೆ ಮುಂಭಾಗದ ಈ ಕೆಲಸವೇ ಎಲ್ಲಕ್ಕಿಂತ ದುಬಾರಿ. ಹಣ ಉಳಿಸಲೆಂದು ಹಿಂಬದಿಯನ್ನಷ್ಟೇ ಅಗಲ ಮಾಡಿಸುವವರಿಗೆ, ತಿರುವಿನಲ್ಲಿ ಮುಂದಿನ ಚಕ್ರಗಳು ಮಾತು ಕೇಳದೆ ನೇರಕ್ಕೆ ಜಾರುವ ಹೊಸ ಸಮಸ್ಯೆ ಎದುರಾಗುತ್ತದೆ.

ಮುಂದಿನ ಏಣಿನ ಟೈರಿನ ಬಗ್ಗೆ ನನಗೆ ಮೆಚ್ಚುಗೆಯಷ್ಟೇ ಇದೆ. ಕಂಪನಿಯ ಟೈರು ಮರಳನ್ನು ಎದುರಿಗೆ ರಾಶಿ ಹಾಕುತ್ತಿತ್ತು. ಇದು ಸೀಳಿಕೊಂಡು ತಿರುಗುತ್ತದೆ.

ಗಾಳಿಯ ಒತ್ತಡವನ್ನು ಹಿಂದೆ 6 ಪಿಎಸ್‌ಐ ಆಸುಪಾಸಿನಲ್ಲಿ ಇಟ್ಟಿದ್ದೇನೆ. ಇನ್ನೂ ಇಳಿಸಿದರೆ ಮರಳಿನ ಮೇಲೆ ತೇಲುವ ಗುಣ ಹೆಚ್ಚುತ್ತದೆಯಾದರೂ, ಪಕ್ಕಕ್ಕೆ ಒತ್ತಡ ಬಿದ್ದಾಗ ಟೈರಿನ ಅಂಚು ರಿಮ್ಮಿನಿಂದ ಕಳಚಿಕೊಳ್ಳುವ ಭಯವಿರುತ್ತದೆ. ಅಷ್ಟು ಕಡಿಮೆ ಒತ್ತಡ ಬೇಕೆನ್ನುವವರು ಅಂಚನ್ನು ಬೋಲ್ಟುಗಳಿಂದ ಬಿಗಿಯುವ ಬೀಡ್‌ಲಾಕ್ ರಿಮ್ ಕೊಳ್ಳಬೇಕು. ಏರ್ ಫಿಲ್ಟರಿನ ಸ್ಪಂಜಿಗೆ ಎಣ್ಣೆ ಹಚ್ಚಿ ಮೇಲೊಂದು ಬಟ್ಟೆಯ ಹೊದಿಕೆ ಹಾಕುವುದನ್ನು ಯಾರೂ ತಪ್ಪಿಸಬಾರದು. ಬದಾಯರಿನ ಕೆಂಪು ಮರಳಿನ ನುಣ್ಣನೆಯ ಧೂಳು ಸಿಲಿಂಡರಿಗೆ ಇಳಿದರೆ ಎಂಜಿನ್ ಬಿಚ್ಚಿಸುವ ಖರ್ಚು ಈ ಎಲ್ಲ ಬದಲಾವಣೆಗಳ ಖರ್ಚನ್ನೂ ಮೀರಬಹುದು. ಚೈನಿಗೆ ಅಂಟುವ ಎಣ್ಣೆಯ ಬದಲು ಒಣ ಮೇಣದ ಲೂಬ್ರಿಕಂಟ್ ಒಳ್ಳೆಯದು.

ಕೊರತೆಗಳನ್ನೂ ಹೇಳಬೇಕು. ಈ ಟೈರುಗಳ ಮೇಲೆ ಗಾಡಿ ಡಾಂಬರು ರಸ್ತೆಗೆ ಇಳಿಯುವಂತೆಯೇ ಇಲ್ಲ. ದಿಬ್ಬಗಳ ನಡುವೆ ಬರುವ ಜಲ್ಲಿ ನೆಲದಲ್ಲಿಯೂ ಪಟ್ಟಿಗಳು ಒಂದೊಂದಾಗಿ ನೆಲಕ್ಕೆ ಬಡಿದು ಇಡೀ ಗಾಡಿ ಅದುರುತ್ತದೆ. ಅಂಥ ಕಡೆ ವೇಗ ತಗ್ಗಿಸದೆ ಓಡಿಸಿದ ಕಾರಣ ನನ್ನ ಟೈರಿನ ಎರಡು ಪಟ್ಟಿಗಳ ಹೊರ ಅಂಚು ಆಗಲೇ ಉರುಟಾಗಿದೆ. ಗಾಡಿಯನ್ನು ಟ್ರೇಲರಿನಲ್ಲಿ ಒಯ್ಯುವವರು ಹೆಚ್ಚಿದ ಅಗಲಕ್ಕೆ ಟ್ರೇಲರ್ ಸಾಲುತ್ತದೆಯೇ ಎಂದು ಮೊದಲೇ ಅಳೆದುಕೊಳ್ಳಬೇಕು.

ಇದೇ ಜೋಡಣೆ ಎಲ್ಲರಿಗೂ ಬೇಕಾಗುವುದಿಲ್ಲ. ಅಬುಧಾಬಿಯ ಲಿವಾದ ತಲ್ ಮೊರೀಬ್‌ನಂಥ ಕಡಿದಾದ ದಿಬ್ಬವನ್ನು ನೆಟ್ಟಗೆ ಹತ್ತುವ ಸ್ಪರ್ಧೆಗೆ ಸಿದ್ಧವಾಗುವವರಿಗೆ ಅಗಲಕ್ಕಿಂತ ಉದ್ದ ಮುಖ್ಯ. ಮೂತಿ ಮೇಲೇಳದಂತೆ ಅವರು ಆಕ್ಸಲ್ ಹೊರುವ ತೋಳು, ಅಂದರೆ ಹಿಂದಿನ ಸ್ವಿಂಗ್‌ಆರ್ಮ್ ಅನ್ನು ಉದ್ದ ಮಾಡಿಸಬೇಕು, ಅಂಥ ಗಾಡಿ ತಿರುವಿನಲ್ಲಿ ಮಂದವಾಗುವುದನ್ನೂ ಒಪ್ಪಿಕೊಳ್ಳಬೇಕು. ಯಮಾಹಾದ್ದೇ ವೈಎಫ್‌ಝಡ್450ಆರ್ ಇರುವವರು ಎ-ಆರ್ಮ್ ಮತ್ತು ಆಕ್ಸಲ್‌ಗೆ ಹಣ ಹಾಕುವ ಅವಸರ ಮಾಡಬೇಕಿಲ್ಲ. ಮೋಟೋಕ್ರಾಸ್ ಓಟಕ್ಕೆಂದೇ ರೂಪಿಸಿದ ಆ ಗಾಡಿ ಕಾರ್ಖಾನೆಯಿಂದಲೇ ಸುಮಾರು 49 ಇಂಚು ಅಗಲವಾಗಿ ಬರುತ್ತದೆ. ಎಂಟಕ್ಕಿಂತ ಕಡಿಮೆ ಪಟ್ಟಿಗಳ ಹಗುರ ಪ್ಯಾಡಲ್ ಟೈರು ಮತ್ತು ಮುಂದಕ್ಕೆ ಏಣಿನ ಟೈರು ಹಾಕಿಸಿದರೆ ಅವರಿಗೆ ಸಾಕು.